ಮೂಗಿನ ಕಡ್ಡಿಯಿಂದ ಮೊಬೈಲ್ ಮೆಸೇಜಿನ ತನಕ

ಕೋವಿಡ್ ಕಾಲದಲ್ಲಿ ಕನ್ನಡ ಪತ್ರಿಕೆಗಳು ದಿನಾ ಬರೆಯುತ್ತಿದ್ದ ಒಂದು ಪದ ‘ಗಂಟಲು ದ್ರವ’. ‘ಶಂಕಿತರ ಗಂಟಲು ದ್ರವವನ್ನು ಪರೀಕ್ಷೆಗೆ ಕಳುಹಿಸಲಾಗಿದೆ’ ಅನ್ನುವ ಸಾಲು ಓದುಗರಿಗೆ ಬಾಯಿಪಾಠವಾಗಿ ಹೋಗಿತ್ತು. ಮೆಡಿಕಲ್ ಕಾಲೇಜುಗಳ ಮೈಕ್ರೋಬಯಾಲಜಿ ವಿಭಾಗದವರಿಗೆ ಮಾತ್ರ ಆ ಪದ ಕಂಡರೆ ಸಣ್ಣ ಕಿರಿಕಿರಿ. ಅವರಿಗೆ ಬೇಕಾದದ್ದು ದ್ರವವಲ್ಲ, ಜೀವಕೋಶ. ವೈರಸ್ ಬೆಳೆಯುವುದು ಮೂಗಿನ ಹಿಂಬದಿಯ ಗೋಡೆಯ ಕೋಶಗಳ ಒಳಗೆ. ಅಲ್ಲಿಗೆ ಮುಟ್ಟಿ, ನಾಲ್ಕು ಕೋಶ ಕೆರೆದುಕೊಂಡು ಬಂದ ಕಡ್ಡಿಗೆ ಬೆಲೆ. ಎಂಜಲಲ್ಲಿ ಅದ್ದಿ ತೆಗೆದದ್ದು ಎಷ್ಟೇ ಒದ್ದೆಯಾಗಿದ್ದರೂ ಲ್ಯಾಬಿಗೆ ಅದು ಬರಿ ಕಡ್ಡಿ.

ವೈರಸ್ಸಿನ ಆರ್‌ಎನ್‌ಎ (ವಂಶವಾಹಿ ಎಳೆ) ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆಯ ಬಗ್ಗೆ ಆಗ ಎದ್ದ ಗಲಾಟೆಯೆಲ್ಲ ಯಂತ್ರದ ಸುತ್ತಲೇ ಇತ್ತು. ‘ಮಿಷನ್ನೇ ಸರಿ ಇಲ್ಲ, ಒಂದು ಲ್ಯಾಬಲ್ಲಿ ಪಾಸಿಟಿವ್, ಇನ್ನೊಂದರಲ್ಲಿ ನೆಗೆಟಿವ್’ ಎಂಬ ಮಾತು ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪುಗಳಲ್ಲಿ ಕೇಳದವರಿಲ್ಲ. ಯಂತ್ರ ತಪ್ಪುವುದು ಕಡಿಮೆ. ಲ್ಯಾಬಿನ ತಪ್ಪುಗಳಲ್ಲಿ ದೊಡ್ಡ ಪಾಲು ಮಾದರಿ ಯಂತ್ರ ಮುಟ್ಟುವ ಮೊದಲೇ ಆಗಿ ಮುಗಿದಿರುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಹಳೆಯ ಮಾತು. ಕಡ್ಡಿ, ಸ್ಟಿಕ್ಕರ್, ಕಂಪ್ಯೂಟರ್ ಎಂಟ್ರಿ ಈ ಮೂರು ಜಾಗ ನೋಡಿಕೊಂಡರೆ ಮಿಕ್ಕದ್ದು ಹೆಚ್ಚುಕಡಿಮೆ ತಾನಾಗಿ ನಡೆಯುತ್ತದೆ.

ರಾಜ್ಯದ ಮೊದಲ ಪ್ರಕರಣ ಬೆಂಗಳೂರಿನಲ್ಲಿ ಖಚಿತವಾದದ್ದು 2020ರ ಮಾರ್ಚ್ ಮೊದಲ ಭಾಗದಲ್ಲಿ. ಆ ತಿಂಗಳು ಕರ್ನಾಟಕದಲ್ಲಿ ಪರೀಕ್ಷೆ ನಡೆಯುತ್ತಿದ್ದ ಜಾಗಗಳು ಬೆರಳೆಣಿಕೆಯಷ್ಟು. ಕೋಟೆ ಪಕ್ಕದ ಬೆಂಗಳೂರು ಮೆಡಿಕಲ್ ಕಾಲೇಜು, ನಗರದಲ್ಲೇ ಇದ್ದ ರಾಷ್ಟ್ರೀಯ ವೈರಾಣು ಸಂಸ್ಥೆಯ (ಎನ್‌ಐವಿ) ಘಟಕ, ಮೈಸೂರು, ಹಾಸನ, ಶಿವಮೊಗ್ಗದ ಸರ್ಕಾರಿ ಕಾಲೇಜುಗಳು. ಆಮೇಲೆ ಮೆಡಿಕಲ್ ಕಾಲೇಜುಗಳು ಒಂದೊಂದಾಗಿ ಸಾಲಿಗೆ ಬಂದವು. ಜಿಕೆವಿಕೆ ಆವರಣದ ಎನ್‌ಸಿಬಿಎಸ್-ಇನ್‌ಸ್ಟೆಮ್‌ನಂಥ ಸಂಶೋಧನಾ ಸಂಸ್ಥೆಗಳೂ ಪರೀಕ್ಷೆಗೆ ಇಳಿದವು. ಯಂತ್ರ ತರಿಸುವುದು ಹಣದ ಕೆಲಸ. ದಿನಕ್ಕೆ ಸಾವಿರಾರು ಕೊಳವೆಗಳನ್ನು ಒಂದಕ್ಕೊಂದು ಅದಲುಬದಲಾಗದಂತೆ ದಾಟಿಸುವುದು ಬೇರೆಯೇ ಕೆಲಸ.

ಮೊದಲು ಕಡ್ಡಿ. ತುದಿ ನೈಲಾನ್ ಅಥವಾ ಡೇಕ್ರಾನ್‌ನದ್ದು, ಕೋಲು ಪ್ಲಾಸ್ಟಿಕ್‌ನದ್ದು ಇರಬೇಕು. ಹತ್ತಿ ಸುತ್ತಿದ ಮರದ ಕಡ್ಡಿ ಆಗುವುದಿಲ್ಲ, ಆಲ್ಜಿನೇಟ್ ತುದಿಯದ್ದೂ ಬೇಡ. ಮರದಲ್ಲಿರುವ ವಸ್ತುಗಳು ಪಿಸಿಆರ್ ಕಿಣ್ವದ ಕೈಕಟ್ಟುತ್ತವೆ, ಇರುವ ವೈರಸ್ಸೂ ಕಾಣದೆ ಹೋಗುತ್ತದೆ. ಕೂತವರ ತಲೆಯನ್ನು ಸುಮಾರು 70 ಡಿಗ್ರಿ ಹಿಂದಕ್ಕೆ ವಾಲಿಸಿ, ಕಡ್ಡಿಯನ್ನು ಮೂಗಿನ ತಳಕ್ಕೆ ಸಮವಾಗಿ ಒಳಗೆ ಬಿಡಬೇಕು. ಹೊಸಬರು ತಪ್ಪುವುದು ಇಲ್ಲೇ. ಮೂಗು ಮೇಲಕ್ಕೆ ಹೋಗುತ್ತದೆ ಎಂಬ ಭಾವನೆಯಲ್ಲಿ ಕಡ್ಡಿಯನ್ನು ಕಣ್ಣಿನ ಕಡೆಗೆ ತಿರುಗಿಸುತ್ತಾರೆ. ಅದು ಒಳಗಿನ ಮೂಳೆಯ ಮಡಿಕೆಗೆ ತಾಗಿ ನಿಲ್ಲುತ್ತದೆ, ನೋವಾಗುತ್ತದೆ, ರಕ್ತ ಬರುತ್ತದೆ, ‘ಸಿಕ್ಕಿತು’ ಅಂದುಕೊಂಡು ಹೊರಗೆ ಎಳೆಯುತ್ತಾರೆ. ಕಡ್ಡಿ ಹೋಗಬೇಕಾದದ್ದು ಕಿವಿಯ ದಿಕ್ಕಿಗೆ. ಹೊಳ್ಳೆಯಿಂದ ಕಿವಿಯ ತೂತಿನವರೆಗೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟು ಆಳ. ಮೆತ್ತಗಿನ ತಡೆ ಸಿಕ್ಕಿದ ಮೇಲೆ ಕೆಲವು ಸೆಕೆಂಡು ಹಾಗೇ ಬಿಟ್ಟು, ನಿಧಾನ ತಿರುಗಿಸುತ್ತ ಹೊರತೆಗೆಯಬೇಕು. ಮಧ್ಯದಲ್ಲೇ ಗಟ್ಟಿ ತಡೆ ಬಂದರೆ ಬಲ ಹಾಕದೆ ಇನ್ನೊಂದು ಹೊಳ್ಳೆ. ಮೂಗಿನ ನಡುಗೋಡೆ ಸೊಟ್ಟಗಿರುವವರು ಬಹಳ ಜನ.

ಗಂಟಲಿನದ್ದು ಸುಲಭ ಅನ್ನಿಸುತ್ತದೆ, ಅಲ್ಲೂ ಎಡವುತ್ತಾರೆ. ನಾಲಿಗೆ, ಕಿರುನಾಲಿಗೆ ಬಿಟ್ಟು ಹಿಂಗೋಡೆ ಮತ್ತು ಟಾನ್ಸಿಲ್ ಜಾಗವನ್ನು ಉಜ್ಜಬೇಕು. ವಾಕರಿಕೆ ಬಂದರೆ ಜಾಗ ಸರಿಯಾಗಿದೆ ಅಂತಲೇ ಅರ್ಥ. ಎರಡೂ ಕಡ್ಡಿಗಳನ್ನು ಒಂದೇ ಕೊಳವೆಗೆ ಹಾಕಿದರೆ ವೈರಸ್ ಸಿಗುವ ಸಾಧ್ಯತೆ ಹೆಚ್ಚು, ಒಂದು ಕೊಳವೆಯೂ ಉಳಿಯುತ್ತದೆ.

ಕೊಳವೆಯಲ್ಲಿರುವುದು 2-3 ಮಿಲಿ ವಿಟಿಎಂ, ಅಂದರೆ ವೈರಸ್ಸನ್ನು ಕೆಡದಂತೆ ಸಾಗಿಸುವ ದ್ರಾವಣ. ಲವಣ, ಪ್ರೋಟೀನ್, ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ ಬೆಳೆಯದಂತೆ ಔಷಧಿ, ಜೊತೆಗೆ ಫಿನಾಲ್ ರೆಡ್ ಎಂಬ ಬಣ್ಣ. ಗುಲಾಬಿ ಇದ್ದರೆ ಸರಿ. ಹಳದಿಗೆ ತಿರುಗಿದ್ದರೆ, ಕಲಕಿದಂತೆ ಕಂಡರೆ, ಅದರಲ್ಲಿ ಬೇರೇನೋ ಬೆಳೆದಿದೆ, ಬಳಸುವಂತಿಲ್ಲ. ಕಡ್ಡಿಯ ಕೋಲಿನ ಮೇಲೆ ಮುರಿಯಲು ಒಂದು ಗೀರು ಇರುತ್ತದೆ. ಕಂಪನಿ ಬದಲಾದಾಗ ಗೀರಿನ ಎತ್ತರವೂ ಬದಲಾಗುತ್ತದೆ, ಕೊಳವೆಯ ಎತ್ತರ ಹಾಗೇ ಇರುತ್ತದೆ. ಮುರಿದ ಕೋಲು ಒಂದು ಸೆಂಟಿಮೀಟರ್ ಹೆಚ್ಚಾದರೂ ಮುಚ್ಚಳ ಕೂರುವುದಿಲ್ಲ. ಒತ್ತಿ ತಿರುಗಿಸಿದ ಮುಚ್ಚಳ ವ್ಯಾನು ಹೊರವರ್ತುಲ ರಸ್ತೆಯ ಹಂಪ್ ಹತ್ತಿದಾಗ ಸಡಿಲವಾಗುತ್ತದೆ. ಒಂದು ಸೋರಿದರೆ ಪಕ್ಕದ ಹತ್ತು ಕೊಳವೆ ಒದ್ದೆ, ಚೀಟಿ ಒದ್ದೆ, ಡಬ್ಬಿ ತೆರೆಯುವವರಿಗೂ ಅಪಾಯ. ಮುಚ್ಚಳದ ಸುತ್ತ ಪ್ಯಾರಾಫಿಲ್ಮ್ ಎಂಬ ಮೇಣದ ಪಟ್ಟಿ, ಅದರ ಹೊರಗೆ ಹೀರುವ ಹತ್ತಿಯಿರುವ ಎರಡನೇ ಡಬ್ಬಿ, ಅದರ ಹೊರಗೆ ನಾಲ್ಕು ಐಸ್‌ಪ್ಯಾಕ್ ಇರುವ ಲಸಿಕೆಯ ಪೆಟ್ಟಿಗೆ. ಈ ಮೂರು ಪದರದ ನಿಯಮ ಸುಮ್ಮನೆ ಬಂದದ್ದಲ್ಲ. 2ರಿಂದ 8 ಡಿಗ್ರಿಯಲ್ಲಿ 72 ಗಂಟೆ ಇಡಬಹುದು. ಅದಕ್ಕೂ ಮೀರಿದರೆ ಮೈನಸ್ 70ರ ಫ್ರೀಜರ್ ಬೇಕು. ಮನೆಯ ಫ್ರಿಜ್ಜಿನ ಫ್ರೀಜರ್‌ನಲ್ಲಿಟ್ಟು ಕರಗಿಸಿ ಮತ್ತೆ ಗಟ್ಟಿ ಮಾಡಿದರೆ ಆರ್‌ಎನ್‌ಎ ಚೂರಾಗುತ್ತದೆ.

ಸ್ಟಿಕ್ಕರಿನ ವಿಷಯಕ್ಕೆ ಬಂದರೆ, ಇದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರು ಶಾಶ್ವತ ಅಂದುಕೊಂಡಿರುತ್ತಾರೆ. ಲ್ಯಾಬಿನಲ್ಲಿ ಕೊಳವೆಯ ಮೇಲೆ ಮೊದಲು ಬೀಳುವುದೇ 70 ಶೇಕಡ ಆಲ್ಕೋಹಾಲಿನ ಸ್ಪ್ರೇ. ಮಾರ್ಕರ್ ಅಕ್ಷರ ಅಲ್ಲೇ ಕರಗಿ ಇಳಿಯುತ್ತದೆ. ಜೆಲ್ ಪೆನ್ನಿಗೂ ಅದೇ ಗತಿ. ಕಾಗದದ ಸ್ಟಿಕ್ಕರ್ ಮೇಲೆ ಪೆನ್ಸಿಲ್‌ನಲ್ಲಿ ಬರೆದದ್ದು ಉಳಿಯುತ್ತದೆ, ಎರಡು ರೂಪಾಯಿಯ ಪೆನ್ಸಿಲ್ ಸಾಕು. ಸ್ಟಿಕ್ಕರನ್ನು ಕೊಳವೆಯ ಉದ್ದಕ್ಕೆ ಅಂಟಿಸಿ ಮೇಲೊಂದು ಸೆಲೋಟೇಪ್ ಎಳೆಯಬೇಕು, ಇಲ್ಲದಿದ್ದರೆ ಐಸಿನಿಂದ ತೆಗೆದಾಗ ಕೂತ ಹನಿಗೆ ಬಿಟ್ಟುಕೊಳ್ಳುತ್ತದೆ. ಮುಚ್ಚಳದ ಮೇಲೆ ನಂಬರ್ ಬರೆಯುವುದಂತೂ ಕೂಡದು. ಮಾದರಿ ತೆರೆಯುವ ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ ಒಟ್ಟಿಗೆ ಎರಡು ಮುಚ್ಚಳ ಬಿಚ್ಚಿದ ಕ್ಷಣ ಯಾರ ನಂಬರ್ ಯಾರದೋ.

ಆಮೇಲೆ ಹೆಸರು. ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವಾಗ ‘ಲಕ್ಷ್ಮಿ’ಗೆ ನಾಲ್ಕು ಬಗೆ, ‘ಶ್ವೇತಾ’ಗೆ ಐದು ಬಗೆ. ಮಂಜುನಾಥ ಎಂ, ಎಂ ಮಂಜುನಾಥ, ಮಂಜುನಾಥ್ ಎಂಬ ಮೂವರು ಒಂದೇ ವಾರ್ಡಿನ ಒಂದೇ ದಿನದ ಪಟ್ಟಿಯಲ್ಲಿದ್ದರೆ ಕಂಪ್ಯೂಟರಿಗೆ ಮೂವರು, ಫಾರಂ ತುಂಬಿದವರಿಗೆ ಇಬ್ಬರು, ಲ್ಯಾಬಿಗೆ ಬಂದದ್ದು ಎರಡು ಕೊಳವೆ. ಹಾಗಾಗಿ ಹೆಸರೊಂದನ್ನೇ ನಂಬುವಂತಿಲ್ಲ. ಹೆಸರು, ವಯಸ್ಸು, ಮಾದರಿ ಫಾರಂನ ಎಸ್‌ಆರ್‌ಎಫ್ ಐಡಿ, ಇವುಗಳಲ್ಲಿ ಕನಿಷ್ಠ ಎರಡು ಹೊಂದದ ಕೊಳವೆಯನ್ನು ಪಕ್ಕಕ್ಕಿಡಬೇಕು. ದಿನದ ಒತ್ತಡದಲ್ಲಿ ‘ಇದೇ ಇರಬೇಕು ಬಿಡಿ’ ಎನ್ನುವ ಒಂದು ಮಾತು ಇಬ್ಬರ ವರದಿಯನ್ನು ಒಟ್ಟಿಗೆ ಕೆಡಿಸುತ್ತದೆ.

ಲ್ಯಾಬಿನೊಳಗೆ ಕನಿಷ್ಠ ಮೂರು ಜಾಗ ಬೇಕು. ಮಾದರಿ ತೆರೆದು ಆರ್‌ಎನ್‌ಎ ತೆಗೆಯಲು ಒಂದು, ಪಿಸಿಆರ್ ಮಿಶ್ರಣ ಕಲಸಲು ಒಂದು, ಯಂತ್ರ ಓಡಿಸಲು ಒಂದು. ಗಾಳಿ, ಕೋಟು, ಪಿಪೆಟ್, ಕೊನೆಗೆ ಪೆನ್ನು ಕೂಡ ಯಂತ್ರದ ಕೋಣೆಯಿಂದ ಮಿಶ್ರಣದ ಕೋಣೆಗೆ ಹಿಂದಿರುಗಬಾರದು. ಕೋಣೆಗೊಂದು ಬಣ್ಣದ ಕೋಟು ಇಟ್ಟುಕೊಂಡರೆ ಅರ್ಧ ಜಗಳ ತೀರುತ್ತದೆ, ಯಾರು ಎಲ್ಲಿಗೆ ನುಗ್ಗಿದರು ಅಂತ ದೂರದಿಂದಲೇ ಕಾಣುತ್ತದೆ.

ಆರ್‌ಎನ್‌ಎ ತೆಗೆಯುವ ಕೈಕೆಲಸದ ಲೆಕ್ಕ ಹೀಗೆ. ಬಹಳ ಕಡೆ ಬಳಸಿದ, ಆರ್‌ಎನ್‌ಎಯನ್ನು ಸಣ್ಣ ಜರಡಿಯಲ್ಲಿ ಹಿಡಿಯುವ ಕಾಲಂ ಕಿಟ್ಟಿನಲ್ಲಿ 140 ಮೈಕ್ರೋಲೀಟರ್ ಮಾದರಿಗೆ 560 ಮೈಕ್ರೋಲೀಟರ್ ಎವಿಎಲ್ ಬಫರ್ (ವೈರಸ್ ಒಡೆಯುವ ದ್ರಾವಣ), ಹತ್ತು ನಿಮಿಷ ಕೋಣೆಯ ಶಾಖದಲ್ಲಿ. ಮತ್ತೆ 560 ಎಥನಾಲ್. ಕಾಲಂಗೆ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಎರಡು ಸಲ 500ರಂತೆ ತೊಳೆದು, ಕೊನೆಗೆ 60 ಮೈಕ್ರೋಲೀಟರ್‌ನಲ್ಲಿ ಇಳಿಸಿಕೊಳ್ಳುವುದು. ಎರಡನೇ ತೊಳೆತದ ನಂತರ ಖಾಲಿ ಕೊಳವೆಯಲ್ಲಿ ಒಮ್ಮೆ ತಿರುಗಿಸುವುದನ್ನು ಅವಸರದಲ್ಲಿ ಬಿಟ್ಟರೆ ಎಥನಾಲ್ ಉಳಿದು ಪಿಸಿಆರ್ ಮಂಕಾಗುತ್ತದೆ. ತಡರಾತ್ರಿಯ ಪಾಳಿಯಲ್ಲಿ ವೈರಸ್ ಸಿಕ್ಕಿತೆಂದು ಪಿಸಿಆರ್ ಯಂತ್ರ ತೋರುವ ಗ್ರಾಫ್ ಇಡೀ ಬ್ಯಾಚಿನಲ್ಲಿ ತಡವಾಗಿ ಏಳುತ್ತಿದ್ದರೆ ಮೊದಲು ಕೇಳಬೇಕಾದದ್ದು ಇದನ್ನೇ.

ಎವಿಎಲ್‌ನಲ್ಲಿ ಗ್ವಾನಿಡೀನ್ ಥಯೊಸಯನೇಟ್ ಇದೆ. ಅದೇ ವೈರಸ್ಸನ್ನು ಕೊಲ್ಲುವುದು. ಅದರ ತ್ಯಾಜ್ಯಕ್ಕೆ ಅಭ್ಯಾಸಬಲದಿಂದ ಬ್ಲೀಚ್ ಸುರಿದರೆ ವಿಷಾನಿಲ ಏಳುತ್ತದೆ, ಸಯನೈಡ್ ಸೇರಿ. ಆಸ್ಪತ್ರೆಯಲ್ಲಿ ಎಲ್ಲ ಕೊಳೆಗೂ ಹೈಪೋಕ್ಲೋರೈಟ್ ಎಂದು ಕಲಿತ ಸಿಬ್ಬಂದಿಗೆ ಇದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಸಿಂಕಿನ ಮೇಲೆ ಅಂಟಿಸಬೇಕು. ಇಂಗ್ಲಿಷ್ ಎಸ್‌ಒಪಿ (ಕೆಲಸದ ಕ್ರಮ) ಫೈಲಿನಲ್ಲಿ ಇದ್ದರೆ ಏನೂ ಉಪಯೋಗವಿಲ್ಲ. ಬೆಂಚು ಒರೆಸಲು ಹೈಪೋ ಸರಿಯೇ. 5 ಶೇಕಡದ ಡಬ್ಬಿಯಿಂದ ಒಂದು ಪಾಲು, ನೀರು ನಾಲ್ಕು ಪಾಲು, ಆಗ 1 ಶೇಕಡ. ಹತ್ತು ನಿಮಿಷ ಬಿಟ್ಟು, ಆಮೇಲೆ ಆಲ್ಕೋಹಾಲ್. ಬೆಳಿಗ್ಗೆ ಕಲಸಿದ್ದನ್ನು ಮರುದಿನಕ್ಕೆ ಇಡಬಾರದು, ಕ್ಲೋರಿನ್ ಹಾರಿಹೋಗಿರುತ್ತದೆ.

ಪಿಸಿಆರ್ ತಟ್ಟೆಯಲ್ಲಿ 96 ಗುಳಿ. ಒಂದರಲ್ಲಿ ಗೊತ್ತಿರುವ ಪಾಸಿಟಿವ್, ಒಂದರಲ್ಲಿ ಬರಿ ನೀರು, ಉಳಿದ 94 ಜನರದ್ದು. ನೀರಿನ ಗುಳಿಯಲ್ಲಿ ಗ್ರಾಫ್ ಎದ್ದರೆ ಆ ತಟ್ಟೆಯ ಒಂದು ವರದಿಯೂ ಹೊರಗೆ ಹೋಗುವಂತಿಲ್ಲ. ಕಲಸುವ ಮಿಶ್ರಣವನ್ನು 96ಕ್ಕೆ ಬದಲು 105ಕ್ಕೆ ಲೆಕ್ಕ ಹಾಕಬೇಕು, ಪಿಪೆಟ್ ತುದಿಗೆ ಅಂಟಿ ಹೋಗುವುದು ಅಷ್ಟಿರುತ್ತದೆ. ಸಾಮಾನ್ಯ ಓಟ ಹೀಗೆ: 50 ಡಿಗ್ರಿಯಲ್ಲಿ ಆರ್‌ಎನ್‌ಎಯಿಂದ ಡಿಎನ್‌ಎ, 95ರಲ್ಲಿ ಎಳೆ ಬಿಡಿಸುವುದು, ಆಮೇಲೆ 95 ಮತ್ತು 60ರ ಆಸುಪಾಸಿನ ನಡುವೆ ಆ ಡಿಎನ್‌ಎ ನಕಲಾಗುವ 40ರಿಂದ 45 ಸುತ್ತು. ಒಂದೂವರೆ ಗಂಟೆಯ ಆಚೀಚೆ. ನಡುವೆ ಕರೆಂಟು ಹೋದರೆ ತಟ್ಟೆ ಹೋಯಿತು, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಓಟ ಮುಗಿದ ತಟ್ಟೆಯನ್ನು ಯಾವ ಕಾರಣಕ್ಕೂ ತೆರೆಯಬಾರದು. ಒಂದೊಂದು ಪಾಸಿಟಿವ್ ಗುಳಿಯಲ್ಲಿ ಕೋಟಿಗಟ್ಟಲೆ ನಕಲುಗಳಿರುತ್ತವೆ, ಒಂದು ತುಂತುರು ಗಾಳಿಗೆ ಬಿದ್ದರೆ ಕೋಣೆಯೇ ತಿಂಗಳುಗಟ್ಟಲೆ ಪಾಸಿಟಿವ್.

ವೈರಸ್ಸಿನ ಇ, ಎನ್, ಓಆರ್‌ಎಫ್ ಜೀನುಗಳ ಜೊತೆ ಬಹಳಷ್ಟು ಕಿಟ್ಟುಗಳು ಆರ್‌ನೇಸ್ ಪಿ ಎಂಬ ಮನುಷ್ಯನ ಜೀನನ್ನೂ ಹುಡುಕುತ್ತವೆ. ಇಡೀ ಪರೀಕ್ಷೆಯಲ್ಲಿ ಪ್ರಾಮಾಣಿಕತೆಯ ಗುಳಿ ಅಂದರೆ ಇದೇ. ಕಡ್ಡಿ ನಿಜಕ್ಕೂ ಮೂಗಿನೊಳಗೆ ಹೋಗಿದ್ದರೆ ಮನುಷ್ಯನ ಕೋಶ ಬಂದೇ ಬರುತ್ತದೆ, ಈ ಗ್ರಾಫ್ ಎದ್ದೇ ಏಳುತ್ತದೆ. ಏಳದಿದ್ದರೆ ಒಂದೋ ಆರ್‌ಎನ್‌ಎ ತೆಗೆಯುವಾಗ ತಪ್ಪಿದೆ, ಇಲ್ಲವೇ ಯಾರ ಮೂಗಿಗೂ ತಾಗದ ಕಡ್ಡಿ ಕೊಳವೆಗೆ ಬಿದ್ದಿದೆ. ದಿನಕ್ಕೆ ಇಷ್ಟು ಮಾದರಿ ಎಂಬ ಗುರಿ ಮೇಲಿಂದ ಬಂದಾಗ ಎರಡನೆಯದು ಎಲ್ಲಿ ಬೇಕಾದರೂ ನಡೆಯುತ್ತದೆ. ಆರ್‌ನೇಸ್ ಪಿ ಇಲ್ಲದ ನೆಗೆಟಿವ್ ನೆಗೆಟಿವ್ ಅಲ್ಲ, ‘ಮತ್ತೆ ಮಾದರಿ ಕೊಡಿ’ ಅಂತ ಹೋಗಬೇಕಾದದ್ದು.

ಗ್ರಾಫ್ ನೋಡುವುದಕ್ಕೂ ಕಣ್ಣು ಪಳಗಿರಬೇಕು. ನಿಜವಾದ ಪಾಸಿಟಿವ್ ಎಸ್ ಆಕಾರದಲ್ಲಿ ಏರುತ್ತದೆ. ಗುಳಿಯಲ್ಲಿ ಗುಳ್ಳೆ ಉಳಿದಿದ್ದರೆ ಗೆರೆ ನೆಗೆಯುತ್ತದೆ, ಮೂಲೆಯ ಗುಳಿಗಳಲ್ಲಿ ಅಂಟುಹಾಳೆ ಎದ್ದಿದ್ದರೆ ಆವಿಯಾಗಿ ಗೆರೆ ತೇಲುತ್ತದೆ. ತಟ್ಟೆಯ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿದ್ದರೆ ಅದೂ ಬೆಳಕನ್ನು ಕೆಡಿಸುತ್ತದೆ. ಸಿಟಿ (ಎಷ್ಟನೇ ಸುತ್ತಿಗೆ ಗ್ರಾಫ್ ಎದ್ದಿತು ಎಂಬ ಅಂಕಿ) 14ರ ಗುಳಿಯ ಪಕ್ಕದಲ್ಲೇ 36ರ ಒಂಟಿ ಪಾಸಿಟಿವ್ ಕಂಡರೆ ಪಿಪೆಟ್‌ನ ಹನಿ ನೆಗೆದಿದೆಯೇ ಅಂತ ಅನುಮಾನ ಪಡಬೇಕು, ಆ ಮಾದರಿಯನ್ನು ಮೊದಲಿಂದ ಮತ್ತೆ ಮಾಡಬೇಕು.

ಸಿಟಿ ಅಂದಾಗ ಇದೊಂದು ಹೇಳಲೇಬೇಕು. 2021ರ ಏಪ್ರಿಲ್-ಮೇನಲ್ಲಿ ಬೆಂಗಳೂರಿನಲ್ಲಿ ಮೂರು ‘ಸಿಟಿ’ ಓಡಾಡುತ್ತಿದ್ದವು. ಪಿಸಿಆರ್ ವರದಿಯ ಸಿಟಿ ವ್ಯಾಲ್ಯೂ, ಎದೆಯ ಸಿಟಿ ಸ್ಕ್ಯಾನ್, ಆ ಸ್ಕ್ಯಾನಿನಲ್ಲಿ 25ಕ್ಕೆ ಕೊಡುವ ಸಿಟಿ ಸ್ಕೋರ್. ‘ಅಪ್ಪನ ಸಿಟಿ 18, ಪರವಾಗಿಲ್ಲವಾ?’ ಎಂದು ಫೋನಿನಲ್ಲಿ ಕೇಳಿದರೆ ಉತ್ತರ ಹೇಳುವವರು ಮೊದಲು ಯಾವ ಸಿಟಿ ಅಂತ ಕೇಳಬೇಕಿತ್ತು. ಸ್ಕೋರ್ 25ಕ್ಕೆ 18 ಅಂದರೆ ಎರಡೂ ಶ್ವಾಸಕೋಶ ಬಹಳ ಹಾಳಾಗಿವೆ. ಸಿಟಿ ವ್ಯಾಲ್ಯೂ 18 ಅಂದರೆ 18ನೇ ಸುತ್ತಿಗೇ ವೈರಸ್ ಕಂಡಿತು, ಆ ಕಡ್ಡಿಯ ಮೇಲೆ ಬಹಳ ಇತ್ತು, ಅಷ್ಟೇ. ಒಂದೊಂದು ಸುತ್ತಿಗೂ ಎರಡರಷ್ಟು, ಹಾಗಾಗಿ ಸಿಟಿ 20 ಮತ್ತು 30ರ ನಡುವೆ ಸುಮಾರು ಸಾವಿರ ಪಟ್ಟು ವ್ಯತ್ಯಾಸ. ಆದರೆ ಅದೇ ಮನುಷ್ಯನ ಮೂಗಿಂದ ಸೋಮಾರಿ ಕೈಯಲ್ಲಿ ತೆಗೆದ ಕಡ್ಡಿ 27 ಕೊಡಬಹುದು, ಸರಿಯಾಗಿ ತೆಗೆದದ್ದು 21 ಕೊಡಬಹುದು. ಕಿಟ್ ಬದಲಾದರೂ ಅಂಕಿ ಬದಲಾಗುತ್ತದೆ. ರೋಗದ ತೀವ್ರತೆಯನ್ನು ಇದರಿಂದ ಅಳೆಯಬೇಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತಲೇ ಇತ್ತು, 35ರವರೆಗೆ ಪಾಸಿಟಿವ್ ಅನ್ನುವ ಗೆರೆಯನ್ನು 24ಕ್ಕೆ ಇಳಿಸಲೂ ಒಪ್ಪಲಿಲ್ಲ. ಇಳಿಸಿದ್ದರೆ ಸೋಂಕು ಏರುವ ಹಂತದಲ್ಲಿದ್ದವರನ್ನು ನೆಗೆಟಿವ್ ಎಂದು ಮನೆಗೆ ಕಳಿಸಿದಂತಾಗುತ್ತಿತ್ತು. ಮನೆಯಲ್ಲಿ ನೋಡಿಕೊಳ್ಳಬೇಕಾದ ಅಂಕಿ ಬೆರಳಿನ ಆಕ್ಸಿಮೀಟರ್‌ನದ್ದು. ಆರು ನಿಮಿಷ ನಡೆದ ಮೇಲೆ 94ಕ್ಕಿಂತ ಕೆಳಗಿಳಿಯುತ್ತದೆಯೇ ಎಂಬುದು ಸಿಟಿ ವ್ಯಾಲ್ಯೂಗಿಂತ ಎಷ್ಟೋ ಹೆಚ್ಚು ಹೇಳುತ್ತದೆ.

ಯಾವ ದಿನ ಕಡ್ಡಿ ಹಾಕಿಸಿಕೊಂಡರು ಎಂಬುದೂ ಅಷ್ಟೇ ಮುಖ್ಯ. ಏಳು ಅಧ್ಯಯನಗಳ 1330 ಮಾದರಿಗಳನ್ನು ಸೇರಿಸಿ ನೋಡಿದ ಜಾನ್ಸ್ ಹಾಪ್ಕಿನ್ಸ್‌ನವರ 2020ರ ಲೆಕ್ಕದಲ್ಲಿ, ಲಕ್ಷಣ ಕಾಣಿಸಿದ ದಿನವೇ ಪರೀಕ್ಷೆ ಮಾಡಿದರೆ ಸೋಂಕಿತರಲ್ಲಿ ನೂರಕ್ಕೆ 38 ಮಂದಿ ತಪ್ಪಿಹೋಗುತ್ತಿದ್ದರು. ಮೂರು ದಿನ ಕಳೆದು ಮಾಡಿದರೆ 20. ನಿನ್ನೆ ಮದುವೆಮನೆಯಲ್ಲಿ ಪಾಸಿಟಿವ್ ಆದವರ ಪಕ್ಕ ಕೂತು ಉಂಡು ಇವತ್ತು ಪರೀಕ್ಷೆ ಮಾಡಿಸಿದರೆ ಸಿಗುವ ನೆಗೆಟಿವ್‌ಗೆ ಅರ್ಥವಿಲ್ಲ. ಇನ್ನೊಂದು ತುದಿಯಲ್ಲಿ, ವಾಸಿಯಾದ ಮೇಲೂ ಸತ್ತ ವೈರಸ್ಸಿನ ತುಣುಕುಗಳು ವಾರಗಟ್ಟಲೆ ಸಿಗುತ್ತವೆ. 2020ರ ಮೇ 8ರ ಕೇಂದ್ರದ ನಿಯಮ ಸೌಮ್ಯ ರೋಗಿಗಳಿಗೆ ಬಿಡುಗಡೆಗೆ ಮುನ್ನ ಮರುಪರೀಕ್ಷೆ ಬೇಡ ಎಂದದ್ದು ಇದಕ್ಕೇ. ಹತ್ತು ದಿನ, ಕೊನೆಯ ಮೂರು ದಿನ ಜ್ವರ ಇರಬಾರದು, ಅಷ್ಟು ಸಾಕು. ಆದರೂ ‘ನೆಗೆಟಿವ್ ರಿಪೋರ್ಟ್ ತನ್ನಿ’ ಎನ್ನುವ ಕಂಪನಿಗಳ ಎಚ್‌ಆರ್‌ಗಳಿಂದಾಗಿ ಕಿಟ್ಟುಗಳು ಖರ್ಚಾದವು.

ಕಿಟ್ ಉಳಿಸಲು ಬಂದದ್ದು ಪೂಲಿಂಗ್, ಐದು ಮಾದರಿ ಸೇರಿಸಿ ಒಂದೇ ಪರೀಕ್ಷೆ. 2020ರ ಏಪ್ರಿಲ್‌ನಲ್ಲಿ ಐಸಿಎಂಆರ್ ಇದಕ್ಕೆ ಒಪ್ಪಿಗೆ ಕೊಟ್ಟಾಗ ಪಾಸಿಟಿವ್ ಪ್ರಮಾಣ 2 ಶೇಕಡಕ್ಕಿಂತ ಕಡಿಮೆ ಇರುವ ಕಡೆ ಎಂದು ಮಿತಿ ಹಾಕಿತ್ತು. ಮಿತಿ ಯಾಕೆ ಎಂದು ನೂರು ಜನರ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 20 ಗುಂಪು. ನೂರಕ್ಕೆ ಇಬ್ಬರು ಸೋಂಕಿತರಿದ್ದರೆ ಸುಮಾರು ಎರಡು ಗುಂಪು ಪಾಸಿಟಿವ್, ಅವುಗಳ ಹತ್ತು ಜನರನ್ನು ಬಿಡಿಬಿಡಿಯಾಗಿ ನೋಡಬೇಕು, ಒಟ್ಟು 30 ಪರೀಕ್ಷೆ. ನೂರಕ್ಕೆ ಹತ್ತಾದರೆ ಎಂಟು ಗುಂಪು ಒಡೆಯಬೇಕು, ಒಟ್ಟು 60. ಮೂವತ್ತಾದರೆ ನೂರು ದಾಟುತ್ತದೆ, ಪೂಲಿಂಗೇ ನಷ್ಟ. ಜೊತೆಗೆ ಐದು ಪಟ್ಟು ತೆಳುವಾದ್ದರಿಂದ ಸಿಟಿ ಎರಡಕ್ಕೂ ಹೆಚ್ಚು ಸುತ್ತು ಮುಂದಕ್ಕೆ ಹೋಗುತ್ತದೆ, ಅಂಚಿನ ಪಾಸಿಟಿವ್‌ಗಳು ಜಾರುತ್ತವೆ. ಎರಡನೇ ಅಲೆಯಲ್ಲಿ ಪೂಲಿಂಗ್ ಮೂಲೆ ಸೇರಿದ್ದು ಈ ಗಣಿತದಿಂದ.

ವರದಿ ತಯಾರಾದ ಮೇಲೂ ದಾರಿ ಮುಗಿಯುತ್ತಿರಲಿಲ್ಲ. ಫಲಿತಾಂಶ ಐಸಿಎಂಆರ್ ಪೋರ್ಟಲ್‌ಗೆ ಹೋಗಿ, ಅಲ್ಲಿಂದ ರಾಜ್ಯಕ್ಕೆ ಬಂದು, ಬೆಂಗಳೂರಿನವರಾದರೆ ಬಿಯು ನಂಬರ್ (ಬೆಂಗಳೂರು ನಗರದ ರೋಗಿ ಸಂಖ್ಯೆ) ಹುಟ್ಟಬೇಕಿತ್ತು. ಹಾಸಿಗೆ ಹಂಚಿಕೆ, ವಾರ್ ರೂಮ್ ಕರೆ ಎಲ್ಲ ಆ ನಂಬರಿನ ಹಿಂದೆ. ಫಾರಂನಲ್ಲಿ ಮೊಬೈಲ್ ನಂಬರಿನ ಒಂದು ಅಂಕಿ ತಪ್ಪಿದರೆ ಮೆಸೇಜು ಇನ್ಯಾರಿಗೋ, ಮಂಡ್ಯದ ಆಧಾರ್ ವಿಳಾಸ ಬರೆದು ವಿಜಯನಗರದ ಬಾಡಿಗೆ ಮನೆಯಲ್ಲಿದ್ದರೆ ನಂಬರ್ ಮಂಡ್ಯದ್ದು. ಉಸಿರು ಕಟ್ಟುತ್ತಿರುವವರಿಗೆ ಅದನ್ನು ಸರಿಪಡಿಸಲು ಒಂದು ದಿನ ಹಿಡಿದರೆ ಪಿಸಿಆರ್‌ನ ಒಂದೂವರೆ ಗಂಟೆಗೆ ಏನು ಬೆಲೆ? ಎಂಟ್ರಿ ಮಾಡುವವರಿಗೆ ‘ಈಗ ಇರುವ ವಿಳಾಸ ಯಾವುದು’ ಎಂದು ಕೇಳಲು ಕಲಿಸುವುದು ಇನ್ನೊಂದು ಯಂತ್ರ ತರುವುದಕ್ಕಿಂತ ಅಗ್ಗ.

2021ರ ಮೇ ತಿಂಗಳಲ್ಲಿ ಅದೇ ಮೈಕ್ರೋಬಯಾಲಜಿ ಬೆಂಚಿಗೆ ಬೇರೆ ಬಗೆಯ ಮಾದರಿ ಬರತೊಡಗಿತು. ‘ಕಪ್ಪು ಶಿಲೀಂಧ್ರ’. ಇಲ್ಲೂ ಪದ ದಾರಿ ತಪ್ಪಿಸುತ್ತದೆ. ಮ್ಯೂಕರ್ ಶಿಲೀಂಧ್ರ ಕಪ್ಪಲ್ಲ, ಅದು ರಕ್ತನಾಳ ಕಟ್ಟಿಸಿ ಸಾಯಿಸಿದ ಅಂಗಾಂಶ ಕಪ್ಪು. ಆಮ್ಲಜನಕ ಬೇಕಾದವರಿಗೆ ದಿನಕ್ಕೆ 6 ಮಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಹತ್ತು ದಿನದವರೆಗೆ ಕೊಟ್ಟರೆ ಜೀವ ಉಳಿಯುತ್ತದೆ ಎಂದು ಬ್ರಿಟನ್ನಿನ ರಿಕವರಿ ಪ್ರಯೋಗ 2020ರ ಜೂನ್‌ನಲ್ಲೇ ತೋರಿಸಿತ್ತು. ಆಮ್ಲಜನಕ ಬೇಡದವರಿಗೆ ಪ್ರಯೋಜನವಿಲ್ಲ ಎಂದೂ ಅದೇ ಪ್ರಯೋಗ ಹೇಳಿತ್ತು. ಎರಡನೇ ವಾಕ್ಯವನ್ನು ಓದದೆ ಮೊದಲ ದಿನದಿಂದಲೇ ಸ್ಟೀರಾಯ್ಡ್ ನುಂಗಿದ ಹಲವರ ರಕ್ತದ ಸಕ್ಕರೆ 400 ದಾಟಿತು, ಅಂಥವರಲ್ಲಿ ಈ ಶಿಲೀಂಧ್ರ ಸುಲಭವಾಗಿ ಹಬ್ಬಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಪ್ರತ್ಯೇಕ ವ್ಯವಸ್ಥೆ ಆಗಬೇಕಾಯಿತು.

ಮ್ಯೂಕರ್ ಗುರುತಿಸುವುದು ಅಗ್ಗದ ಕೆಲಸ. ಸೈನಸ್‌ನಿಂದ ತೆಗೆದ ಅಂಗಾಂಶದ ಚೂರಿಗೆ 10-20 ಶೇಕಡ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹಾಕಿ ಹತ್ತಿಪ್ಪತ್ತು ನಿಮಿಷ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಗಲವಾದ ರಿಬ್ಬನ್ನಿನಂಥ ಎಳೆಗಳು, ನಡುವೆ ಅಡ್ಡಗೋಡೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಕೊಂಬೆ ಲಂಬಕೋನದಲ್ಲಿ. ಆಸ್ಪರ್ಜಿಲಸ್ ಎಂಬ ಇನ್ನೊಂದು ಶಿಲೀಂಧ್ರವಾದರೆ ಸಣ್ಣ ಎಳೆ, ಅಡ್ಡಗೋಡೆ ಸ್ಪಷ್ಟ, ಕೊಂಬೆ 45 ಡಿಗ್ರಿ. ಎಡವುವುದು ಕಲ್ಚರ್‌ನಲ್ಲಿ, ಅಂದರೆ ಅದನ್ನು ಲ್ಯಾಬಿನಲ್ಲಿ ಬೆಳೆಸುವಾಗ. ಬ್ಯಾಕ್ಟೀರಿಯಾಕ್ಕೆ ಮಾಡುವಂತೆ ಅಂಗಾಂಶವನ್ನು ಅರೆದರೆ ಅಡ್ಡಗೋಡೆ ಇಲ್ಲದ ಎಳೆ ಒಡೆದು ಸತ್ತೇ ಹೋಗುತ್ತದೆ, ಏನೂ ಬೆಳೆಯುವುದಿಲ್ಲ. ಬ್ಲೇಡಿನಲ್ಲಿ ಸಣ್ಣಗೆ ಹೆಚ್ಚಬೇಕು, ಅರೆಯಬಾರದು. ಕೋಸಂಬರಿಗೆ ಸೌತೆಕಾಯಿ ಹೆಚ್ಚಿದ ಹಾಗೆ ಅಂದರೆ ಹೊಸ ಪಿಜಿ ವಿದ್ಯಾರ್ಥಿಗಳಿಗೆ ತಕ್ಷಣ ಅರ್ಥವಾಗುತ್ತದೆ. ಇನ್ನು ಫಾರ್ಮಲಿನ್‌ನಲ್ಲಿ ಅದ್ದಿ ಕಳಿಸಿದ ಚೂರು ಪೆಥಾಲಜಿಗೆ ಸರಿ, ಕಲ್ಚರ್‌ಗೆ ಸತ್ತಂತೆ. ಕಲ್ಚರ್‌ನದ್ದು ಸಲೈನ್‌ನಲ್ಲಿ ಬರಬೇಕು.

ಇಷ್ಟೆಲ್ಲ ಮಾಡಿದರೂ ಕಡ್ಡಿ ಎಣಿಸುವುದು ಸಾಲಿನಲ್ಲಿ ನಿಂತವರನ್ನು ಮಾತ್ರ. 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ನಡೆಸಿದ ಸೆರೋ ಸಮೀಕ್ಷೆ (ರಕ್ತದಲ್ಲಿ ಪ್ರತಿಕಾಯ ಹುಡುಕುವ ಸಮೀಕ್ಷೆ) ಕರ್ನಾಟಕದ 27.3 ಶೇಕಡ ಜನರಿಗೆ ಸೋಂಕು ಮೊದಲೇ ಬಂದುಹೋಗಿದೆ ಅಥವಾ ಆಗ ಇದೆ ಎಂದು ಅಂದಾಜಿಸಿತು, ಅಂದರೆ ಸುಮಾರು 1.93 ಕೋಟಿ. ಅಷ್ಟು ಹೊತ್ತಿಗೆ ಖಚಿತ ಪ್ರಕರಣಗಳು ಐದು ಲಕ್ಷದ ಆಸುಪಾಸು. ಮಿಕ್ಕವರನ್ನು ಕಾಣಲು ಬೆಂಗಳೂರು ಹಿಡಿದ ದಾರಿ ಚರಂಡಿಯದ್ದು. ನಗರದ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತೆಗೆದು ಒಂದು ಕೋಟಿಗೂ ಹೆಚ್ಚು ಜನರ ವೈರಸ್ ಏರಿಳಿತವನ್ನು ಸಂಶೋಧಕರು ನೋಡಿದರು. ಇಲ್ಲಿ ಆರ್‌ನೇಸ್ ಪಿಯ ಕೆಲಸವನ್ನು ಮಾಡುವುದು ಮೆಣಸಿನಕಾಯಿ ಗಿಡದ ಒಂದು ವೈರಸ್, ಪಿಎಂಎಂಒವಿ. ಖಾರ ತಿನ್ನುವವರ ಮಲದಲ್ಲಿ ಅದು ಯಾವಾಗಲೂ ಇರುತ್ತದೆ, ಹಾಗಾಗಿ ನೀರು ಎಷ್ಟು ತೆಳುವಾಗಿದೆ ಎಂದು ಅಳೆಯಲು ಅದೇ ಗಜಕಡ್ಡಿ. ಉಪ್ಪಿನಕಾಯಿ ಇಲ್ಲದೆ ಊಟ ಇಳಿಯದ ಊರಿನಲ್ಲಿ ಈ ಅಳತೆಗೆ ಕೊರತೆಯೇ ಇಲ್ಲ. ತೊಡಕು ಬೇರೆ ಕಡೆ ಇದೆ. ಮಳೆ ಬಂದರೆ ರಾಜಕಾಲುವೆ ಮತ್ತು ಒಳಚರಂಡಿ ಬೆರೆತು ಎಲ್ಲ ತೆಳುವಾಗುತ್ತದೆ. ಹೊರವಲಯದಲ್ಲಿ ಒಳಚರಂಡಿ ಇಲ್ಲದೆ ಗುಂಡಿಯನ್ನೇ ನಂಬಿದ ಬಡಾವಣೆಗಳು, ಸ್ವಂತ ಶುದ್ಧೀಕರಣ ಘಟಕ ಇರುವ ದೊಡ್ಡ ಅಪಾರ್ಟ್‌ಮೆಂಟುಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಸಾಲಿನಲ್ಲಿ ನಿಲ್ಲದವರಂತೆಯೇ ಪೈಪಿನಲ್ಲಿ ಇಲ್ಲದವರೂ ಇದ್ದಾರೆ.

ಯಾವ ತಳಿ ಎಂದು ತಿಳಿಯಲು ವೈರಸ್ಸಿನ ಜೀನೋಮ್ (ಇಡೀ ವಂಶವಾಹಿ ಬರಹ) ಓದಬೇಕು. 2020ರ ಡಿಸೆಂಬರ್‌ನಲ್ಲಿ ಅದಕ್ಕೆಂದೇ ಕಟ್ಟಿದ ಇನ್ಸಾಕಾಗ್ ಎಂಬ ರಾಷ್ಟ್ರೀಯ ಜಾಲದ ಮೊದಲ ಹತ್ತು ಲ್ಯಾಬುಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಒಂದು. ಸುಮಾರು 29,900 ಅಕ್ಷರಗಳ ಜೀನೋಮ್ ಪೂರ್ತಿ ಸಿಗಬೇಕಾದರೆ ವೈರಸ್ ಹೇರಳವಾಗಿರಬೇಕು, ಸಿಟಿ 25ರ ಒಳಗಿದ್ದರೆ ಒಳ್ಳೆಯದು. ಮತ್ತೆ ಮಾತು ಬಂದು ನಿಲ್ಲುವುದು ಕಡ್ಡಿ ಹಾಕಿದ ಕೈಗೇ. ಕಾಯಲು ಸಮಯವಿಲ್ಲದಾಗ ಒಂದು ಅಡ್ಡದಾರಿ ಇತ್ತು. ಕೆಲವು ಕಿಟ್ಟುಗಳಲ್ಲಿ ಬೇರೆ ಜೀನ್ ಎದ್ದು ಎಸ್ (ಸ್ಪೈಕ್) ಜೀನ್ ಮಾತ್ರ ಏಳದಿದ್ದರೆ ಆಲ್ಫಾ ಅಥವಾ ಮೊದಲ ಓಮಿಕ್ರಾನ್ ಎಂಬ ಶಂಕೆ, ಡೆಲ್ಟಾದಲ್ಲಿ ಏಳುತ್ತಿತ್ತು. ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಪ್ರಕಟವಾದದ್ದು ಬೆಂಗಳೂರಿನಿಂದಲೇ. ಓಮಿಕ್ರಾನ್‌ನ ಉಪತಳಿ ಬಿಎ.2 ಬಂದಾಗ ಎಸ್ ಮತ್ತೆ ಏಳತೊಡಗಿತು, ಅಡ್ಡದಾರಿ ಮುಚ್ಚಿತು.

ಆಗ ತಂದ ಪಿಸಿಆರ್ ಯಂತ್ರಗಳು ಈಗ ಮಳೆಗಾಲದಲ್ಲಿ ಡೆಂಗಿ, ಚಳಿಗಾಲದಲ್ಲಿ ಎಚ್1ಎನ್1 ನೋಡುತ್ತವೆ. ಡೆಂಗಿಯಲ್ಲಿ ಕಡ್ಡಿಯ ಕಷ್ಟವಿಲ್ಲ, ರಕ್ತ. ಜ್ವರದ ಮೊದಲ ಐದು ದಿನ ಎನ್‌ಎಸ್1 (ವೈರಸ್ಸಿನ ಪ್ರೋಟೀನ್) ಅಥವಾ ಪಿಸಿಆರ್, ಅದರ ನಂತರ ಐಜಿಎಂ (ಮೈ ತಯಾರಿಸುವ ಪ್ರತಿಕಾಯ). ಹಾಗಾಗಿ ಫಾರಂನಲ್ಲಿ ‘ಜ್ವರ ಎಷ್ಟನೇ ದಿನ’ ಎಂಬ ಕಾಲಂ ಖಾಲಿ ಬಿಟ್ಟರೆ ಯಾವ ಪರೀಕ್ಷೆ ಹಾಕಬೇಕೆಂದೇ ಗೊತ್ತಾಗುವುದಿಲ್ಲ. ಮಾದರಿ ತೆಗೆದುಕೊಳ್ಳುವ ಮೇಜಿನ ಮೇಲೆ ಈಗಲೂ ಒಂದು ಡಬ್ಬಿಯಲ್ಲಿ ಪೆನ್ಸಿಲ್‌ಗಳು ಇರುತ್ತವೆ. ಕೊಳವೆಯ ಮೇಲೆ ‘ಮಂಜುನಾಥ, 34’, ಫಾರಂನಲ್ಲಿ ‘ಮಂಜುನಾಥ ಎಂ, 43’. ಬುದ್ಧಿವಂತ ಟೆಕ್ನಿಷಿಯನ್ ಅದನ್ನು ಪಕ್ಕದ ರ‍್ಯಾಕಿನಲ್ಲಿಟ್ಟು ವಾರ್ಡಿಗೆ ಫೋನ್ ಮಾಡುತ್ತಾರೆ.